ಎರಡನೆಯ ಪೊಟ್ಟಣ

ಶುಕೂರನ ಕಷ್ಟಕ್ಕೆಲ್ಲ ಮೂಲ ಬದನೆಕಾಯಿ. ಹೆಂಡತಿ ರಹೀಮಾ ಕಡಲೆಕಾಯಿ ಬೀಜ ಅರೆದು, ಹುಣಿಸೆಹುಳಿ ಬಿಟ್ಟು ಮಾಡಿದ ಬದನೆಕಾಯಿಯನ್ನು ಮೊದಲು ಹೊಟ್ಟೆಗೆ ಎಷ್ಟು ಬೇಕೋ ಅಷ್ಟು ತಿಂದ, ಆಮೇಲೆ ನಾಲಿಗೆಗೆ ಎಷ್ಟು ಬೇಕೋ ಅಷ್ಟು ತಿಂದ. ಮರುದಿನದಿಂದ ಹುಳಿತೇಗು ಹಿಡಿಯಿತು. ಎರಡು ದಿನ ತಡೆದುಕೊಂಡು ಮೂರನೆಯ ದಿನ ಧರ್ಮ ದವಾಖಾನೆಗೆ ಹೋದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಉರಿ ಇಳಿಯಲೆಂದು ಬಿಸ್ಮತ್ ಪುಡಿ ಬರೆದುಕೊಟ್ಟರು. ಕಾಂಪೌಂಡರ್ ಸಿದ್ದಯ್ಯ ಜಾಡಿಯಿಂದ ಬಿಳಿ ಪುಡಿ ತೆಗೆದು ಎರಡು ಪೊಟ್ಟಣ ಕಟ್ಟಿದ.

"ಒಂದು ಇವತ್ತು ರಾತ್ರಿ, ಇನ್ನೊಂದು ನಾಳೆ ರಾತ್ರಿ. ಖಾಲಿ ಹೊಟ್ಟೇಲಿ ನೀರಿಗೆ ಹಾಕ್ಕೊಂಡು ಕುಡ್ದ್ಬುಡಿ ಸಾಬ್ರೇ," ಎಂದ.

ಕುಡಿದದ್ದಾಯಿತು, ಮಲಗಿದ್ದಾಯಿತು. ಬೆಳಿಗ್ಗೆ ಕಣ್ಣು ಬಿಟ್ಟರೆ ಸುಣ್ಣದ ಗೋಡೆ ಹಳದಿಯಾಗಿತ್ತು.

ಇದು ನಡೆದದ್ದು ಚನ್ನಪಟ್ಟಣದಲ್ಲಿ, ಮಹಾರಾಜರ ಕಾಲದಲ್ಲಿ, ಪಕ್ಕದ ಊರಾದ ಈಗಿನ ರಾಮನಗರವನ್ನು ಜನ ಕ್ಲೋಸ್‌ಪೇಟೆ ಎನ್ನುತ್ತಿದ್ದಾಗ. ಇನ್‌ಫ್ಲುಯೆಂಜಾ ಜ್ವರ ಬಂದು ಹೋಗಿ ಎರಡು ವರ್ಷವಾಗಿತ್ತು. ಊರಿನ ಜನ ಕಾಯಿಲೆಗೆ ಎಷ್ಟು ಹೆದರುತ್ತಿದ್ದರೋ ಔಷಧಿಗೂ ಅಷ್ಟೇ ಹೆದರುತ್ತಿದ್ದರು. ಶುಕೂರ್ ಎರಡಕ್ಕೂ ಸೇರಿಸಿ ಹೆದರುತ್ತಿದ್ದ.

"ರಾತ್ರೋರಾತ್ರಿ ಗೋಡೆಗೆ ಬಣ್ಣ ಹೊಡೆಸಿದೆಯಾ?" ಎಂದು ರಹೀಮಾಳನ್ನು ಕೇಳಿದ.

"ಕನಸಲ್ಲಿ ಹೊಡೆಸಿರಬೇಕು," ಎಂದು ಅವಳು ಹಾಲಿನ ಲೋಟ ತಂದಿಟ್ಟಳು.

"ಹಾಲಿಗೆ ಅರಿಶಿನ ಯಾಕೆ ಹಾಕಿದ್ದೀ?"

"ಬೆಳಗಾಗೆದ್ದು ನನ್ನ ಮೇಲೆ ಯಾವ ಕೋಪ ನಿಮಗೆ? ಹಾಲು ಬೆಳ್ಳಗೇ ಐತಲ್ಲ!"

ಶುಕೂರ್ ಅವಳ ಮುಖ ನೋಡಿದ. ಮುಖ ಹಳದಿ. ಹೊದ್ದ ಬಿಳಿ ಸೆರಗು ಹಳದಿ. ತೊಟ್ಟಿಲಲ್ಲಿದ್ದ ಚಿಕ್ಕ ಮಗಳು ಮುನ್ನೀ ನಕ್ಕಳು, ಅವಳ ಎರಡು ಹಲ್ಲೂ ಹಳದಿ. ಹಿತ್ತಲಿಗೆ ಓಡಿ ಮೇಲೆ ನೋಡಿದರೆ ನೀಲಿಯಾಗಿರಬೇಕಾದ ಆಕಾಶ ಪಾಚಿ ಕಟ್ಟಿದ ಕಲ್ಯಾಣಿಯಂತೆ ಹಸಿರಾಗಿ ಕಂಡಿತು. ಕಣ್ಣು ಉಜ್ಜಿದ, ನೀರು ಹಾಕಿ ತೊಳೆದ. ತೊಳೆದ ನೀರೂ ಹಳದಿಯಾಗಿಯೇ ಬಿತ್ತು.

ಶುಕೂರ್ ಅರಗಿನ ಬಣ್ಣದ ಗೊಂಬೆ ಮಾಡುವವನು. ಹಾಲೆ ಮರದ ತುಂಡನ್ನು ತಿರುಗಿಸಿ ಉಳಿ ಹಿಡಿದು ಕಡೆಯುವುದು, ತಿರುಗುತ್ತಿರುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುವುದು, ಉಜ್ಜಿದ ಬಿಸಿಗೆ ಅರಗು ಕರಗಿ ಗೊಂಬೆಗೆ ಬಣ್ಣ ಹತ್ತುವುದು, ಇದಿಷ್ಟು ಅವನ ಬದುಕು. ಕಿವಿ ಕೇಳದವನು ಈ ಕೆಲಸ ಮಾಡಬಹುದು, ಕುಂಟನೂ ಮಾಡಬಹುದು. ಬಣ್ಣ ತಿಳಿಯದವನು ಮಾಡುವ ಹಾಗಿಲ್ಲ. ಶುಕೂರ್ ಕೆಲಸದ ಜಾಗಕ್ಕೆ ಹೋಗಿ ಅರಗಿನ ಕಡ್ಡಿಗಳನ್ನು ಹರಡಿದ. ಕೆಂಪು ಹೇಗೋ ತಿಳಿಯಿತು. ಆದರೆ ಬಿಳಿ ಯಾವುದು, ಹಳದಿ ಯಾವುದು ಎಂದು ಎಷ್ಟು ಹೊತ್ತು ನೋಡಿದರೂ ಗೊತ್ತಾಗಲಿಲ್ಲ. ಅವನಿಗೆ ಅಳು ಬಂತು.

ಅದೇ ಹೊತ್ತಿಗೆ ಗೊಂಬೆ ವ್ಯಾಪಾರಿ ಜಬ್ಬಾರ್ ಬಾಗಿಲಲ್ಲಿ ನಿಂತಿದ್ದ. ದಸರೆಗೆ ಮೈಸೂರಿನ ಅಂಗಡಿಗಳಿಗೆ ಕಳಿಸಲು ಇನ್ನೂರು ಬಿಳಿ ಹಂಸ ಬೇಕೆಂದು ಅವನೇ ಹೇಳಿದ್ದು.

"ಎಲ್ಲಿಗೆ ಬಂತು ಶುಕೂರ್ ಭಾಯಿ ಹಂಸ?"

ಶುಕೂರ್ ಧೈರ್ಯ ಮಾಡಿ ಒಂದು ಕಡ್ಡಿ ಎತ್ತಿ, "ಇಗೋ, ಈಗ ಬಿಳಿ ಒತ್ತೋಕೆ ಕೂತೆ," ಎಂದ.

ಜಬ್ಬಾರ್ ಕಡ್ಡಿ ನೋಡಿದ, ಶುಕೂರನ ಮುಖ ನೋಡಿದ, ಮತ್ತೆ ಕಡ್ಡಿ ನೋಡಿದ. "ಅದು ಹಳದಿ ಕಣಪ್ಪ," ಎಂದು ಮೆಲ್ಲಗೆ ಹೇಳಿದ. "ಕಣ್ಣಿಗೇನಾದ್ರೂ ಆಗಿದ್ರೆ ಈಗಲೇ ಹೇಳ್ಬುಡು. ಹೆಂಡ್ತಿ ಮಕ್ಕಳಿರೋನು ನೀನು, ನಂಗೂ ಗೊತ್ತು. ಆದ್ರೆ ಹಳದಿ ಹಂಸ ಯಾರು ತಗೋತಾರೆ? ಸಂಜೆವರೆಗೆ ನೋಡ್ತೀನಿ, ಆಮೇಲೆ ಆ ಗೊಂಬೆ ಮಾಡೋ ಗೌಸ್‌ಗೆ ಈ ಕೆಲಸ ಕೊಡ್ಬೇಕಾಗ್ತದೆ."

ಅವನು ಹೋದ ಮೇಲೆ ಶುಕೂರ್ ಕಡ್ಡಿಗಳನ್ನೆಲ್ಲ ಬಾಚಿ ಬದಿಗಿಟ್ಟ. ಕಣ್ಣು ಹೋದರೆ ಇಬ್ಬರು ಹೆಣ್ಣುಮಕ್ಕಳು ಮತ್ತು ಹೆಂಡತಿಯನ್ನು ಏನು ಮಾಡುವುದು ಎಂದು ಯೋಚಿಸಲೂ ಅವನಿಗೆ ಹೆದರಿಕೆಯಾಯಿತು. ಉಳಿದಿದ್ದ ಎರಡನೆಯ ಪೊಟ್ಟಣವನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು ದವಾಖಾನೆಗೆ ಓಡಿದ.

ಡಾಕ್ಟರು ಇರಲಿಲ್ಲ. ಕ್ಲೋಸ್‌ಪೇಟೆಗೆ ರೋಗಿಯನ್ನು ನೋಡಲು ಹೋಗಿದ್ದರು, ಬರುವುದು ಮಧ್ಯಾಹ್ನದ ಮೇಲೆ. ಸಿದ್ದಯ್ಯನೊಬ್ಬನೇ ಕೂತು ಸೀಸೆ ತೊಳೆಯುತ್ತಿದ್ದ. ನಿನ್ನೆ ಮೊನ್ನೆ ದವಾಖಾನೆಗೆಲ್ಲ ಸುಣ್ಣ ಹೊಡೆಸಿದ್ದರಿಂದ ನೆಲದ ಮೇಲೆ ಇನ್ನೂ ಸುಣ್ಣದ ಚುಕ್ಕೆಗಳಿದ್ದವು, ಅವೂ ಹಳದಿ.

"ಸಿದ್ದಯ್ಯನೋರೆ, ಆ ಪುಡಿ ಕುಡ್ದಾಗಿಂದ ಎಲ್ಲಾ ಹಳ್ದಿ ಹಳ್ದಿಯಾಗಿ ಕಾಣ್ತೈತೆ. ಏನ್ ಕೊಟ್ರಿ ನಂಗೆ?"

ಸಿದ್ದಯ್ಯನ ಕೈಯಲ್ಲಿದ್ದ ಸೀಸೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು.

"ಏನೂ ಆಗಿಲ್ಲ ಬುಡಿ. ಪಿತ್ತ ಅದು, ಪಿತ್ತ. ಮಜ್ಜಿಗೆ ಕುಡ್ದು ಮಲೀಕಳಿ," ಎಂದ. ಹೇಳುತ್ತಲೇ ಬರಿಗೈಯಲ್ಲಿ ಗಾಜಿನ ಚೂರು ಆರಿಸತೊಡಗಿದ. "ಇನ್ನೊಂದು ಪೊಟ್ಟಣ ಎಲ್ಲೈತೆ?"

"ಯಾಕೆ?"

"ಸುಮ್ನೆ. ಬದ್ಲಾಯಿಸಿ ಕೊಡ್ತೀನಿ. ಕೊಡಿ ಇತ್ಲಾಗೆ."

ಕಾಂಪೌಂಡರ್ ತಾನು ಹೆದರದೆ ಸಮಾಧಾನ ಹೇಳಿದ್ದರೆ ಶುಕೂರ್ ಸಮಾಧಾನ ಪಡುತ್ತಿದ್ದ. ಬೈದಿದ್ದರೆ ಇನ್ನೂ ಹೆಚ್ಚು ಸಮಾಧಾನವಾಗುತ್ತಿತ್ತು. ಔಷಧಿ ಕೊಟ್ಟವನೇ ಹೆದರಿಕೊಂಡದ್ದನ್ನು ಕಂಡಾಗ ಅವನ ಜೀವ ಬಾಯಿಗೆ ಬಂತು. "ಮನೇಲೈತೆ" ಎಂದು ಸುಳ್ಳು ಹೇಳಿ ಹಿಂದೆ ತಿರುಗಿ ನೋಡದೆ ಹೊರಟ. ಸಿದ್ದಯ್ಯ ಗೇಟಿನವರೆಗೂ ಹಿಂದೆಯೇ ಬಂದು, "ಯಾರ್ಗೂ ಹೇಳ್ಬ್ಯಾಡಿ ಸಾಬ್ರೇ" ಎಂದು ಬೇಡಿಕೊಂಡ.

ಮನೆ ಬಾಗಿಲಿಗೆ ಬರುವಷ್ಟರಲ್ಲಿ ಸುದ್ದಿ ಮುಂದೆ ಬಂದು ಕೂತಿತ್ತು. ಪಕ್ಕದ ಮನೆಯ ಮುನಿಶಾಮಯ್ಯ ಮೂವತ್ತು ವರ್ಷ ಅಮಲ್ದಾರರ ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಕಚೇರಿಯಲ್ಲಿ ಬಾಗಿಲ ಹೊರಗೆ ನಿಂತು ಕೇಳಿದ ಕಾನೂನನ್ನೆಲ್ಲ ಈಗ ಬೀದಿಗೆ ಹಂಚುತ್ತಿದ್ದ. ಅವನ ಹೆಂಡತಿ ಸರಸಮ್ಮ ಬೀದಿಯ ಕಾಯಿಲೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಹೀಗೆ ಗಂಡ ಹೆಂಡಿರಿಬ್ಬರೂ ಸೇರಿ ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ.

ಸರಸಮ್ಮ ಶುಕೂರನ ರೆಪ್ಪೆ ಎತ್ತಿ ನೋಡಿ, "ಕಾಮಾಲೆ! ಒಳಗಿನ ಕಾಮಾಲೆ, ಹೊರಗೆ ಕಾಣಾಕಿಲ್ಲ," ಎಂದು ತೀರ್ಪು ಕೊಟ್ಟಳು. "ರಹೀಮಾ, ಒಲೆ ಉರೀತಾ ಐತಾ? ಒಂದು ಬಳೆ ಚೂರು ಕಾಯಿಸ್ಕೊಂಡ್ ಬತ್ತೀನಿ. ಎರಡೂ ಕೈಗೆ ಒಂದೊಂದು ಬರೆ ಹಾಕಿದ್ರೆ ಹಳದಿಯೆಲ್ಲ ಓಡೋಯ್ತದೆ."

"ಅಕ್ಕಾ, ಕೈಗೆ ಬರೆ ಹಾಕಿದ್ರೆ ನಾನು ಕೆಲಸ ಹೆಂಗ್ ಮಾಡ್ಲಿ?"

"ಹಂಗಾರೆ ಕಾಲಿಗೆ ಹಾಕ್ತೀನಿ, ಬಾ."

ಅವಳು ನಿಜವಾಗಿಯೂ ಇಕ್ಕುಳ ಹಿಡಿದು ಒಲೆಯ ಕಡೆ ಹೋದದ್ದನ್ನು ಕಂಡು ಶುಕೂರ್ ಮುನಿಶಾಮಯ್ಯನ ಬೆನ್ನ ಹಿಂದೆ ಸೇರಿಕೊಂಡ. ಮುನಿಶಾಮಯ್ಯ ಅವನನ್ನು ಮುಂದಕ್ಕೆ ಎಳೆದುಕೊಂಡು, "ಲೇ ಶುಕೂರು, ಇದು ಬರೆ ಹಾಕೋ ವಿಷ್ಯ ಅಲ್ಲ, ಅರ್ಜಿ ಹಾಕೋ ವಿಷ್ಯ," ಎಂದ. "ಕಾಂಪೌಂಡರ್ ಪೊಟ್ಟಣ ವಾಪಸ್ ಕೇಳಿದ್ನೋ ಇಲ್ವೋ?"

"ಕೇಳ್ದ ಅಣ್ಣಾ."

"ಯಾರ್ಗೂ ಹೇಳ್ಬ್ಯಾಡ ಅಂದ್ನೋ ಇಲ್ವೋ?"

"ಅಂದ."

"ಮತ್ತಿನ್ನೇನು! ತಪ್ಪು ಮಾಡ್ಬುಟ್ಟವ್ನೆ. ಬಾಯಲ್ಲಿ ಹೇಳಿದ್ರೆ ಡಾಕ್ಟ್ರು ಹೂ ಅಂದು ಬುಟ್ಬುಡ್ತಾರೆ. ಕಾಗ್ದದಲ್ಲಿ ಕೊಡ್ಬೇಕು."

"ಅಣ್ಣಾ, ನಂಗೆ ಯಾರ ಮ್ಯಾಲೂ ದೂರಿಲ್ಲ. ನನ್ ಕಣ್ಣು ವಾಪಸ್ ಬತ್ತದೋ ಇಲ್ವೋ, ಅದೊಂದು ಕೇಳಿದ್ರೆ ಸಾಕು."

"ಅದನ್ನೇ ಕಣ್ಲಾ ಬರೀತೀನಿ," ಎಂದು ಮುನಿಶಾಮಯ್ಯ ಮಸಿ ಕುಡಿಕೆ ತರಿಸಿದ.

ಒಂದೂವರೆ ಗಂಟೆ ಬರೆದ. ನಡುನಡುವೆ ಆಕಾಶ ನೋಡಿದ, ಒಮ್ಮೆ ಎಲೆ ಅಡಿಕೆ ಹಾಕಿಕೊಂಡ. ಶುಕೂರನಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ಅವನು ಆ ಒಂದೂವರೆ ಗಂಟೆಯೂ ಮಗಳ ಹಲ್ಲನ್ನೇ ನೋಡುತ್ತ, ಬೆಳ್ಳಗಾಯಿತೇ ಬೆಳ್ಳಗಾಯಿತೇ ಎಂದು ಕಾಯುತ್ತ ಕೂತಿದ್ದ. ಕೊನೆಗೆ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ. ರಹೀಮಾ ಡಾಕ್ಟರ ಮಗುವಿಗೆ ಕೊಡಲೆಂದು ಎರಡು ಗಿಲಕಿ ತಂದು, "ಬಿಳೀದು ಬಲಗಡೆ ಜೇಬಲ್ಲಿ, ಹಳದೀದು ಎಡಗಡೆ ಜೇಬಲ್ಲಿ" ಎಂದು ಹೇಳಿ ಅವನ ಕೋಟಿನಲ್ಲಿ ಇಟ್ಟಳು. ದಾರಿಯುದ್ದಕ್ಕೂ ಮುನಿಶಾಮಯ್ಯ ಅವುಗಳನ್ನು ತೆಗೆದು ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು, ಮತ್ತೆ ಜೇಬಿಗೆ ಹಾಕಿದ. ಬೀದಿಯ ಇಪ್ಪತ್ತು ಜನ ಹಿಂದೆ ಬಂದರು.

ಡಾಕ್ಟರು ಬೆಂಗಳೂರಿನಿಂದ ಹೊಸದಾಗಿ ಬಂದವರು. ಎತ್ತರದ ಆಳು, ಕೆನ್ನೆಯಲ್ಲಿ ನಗುವಿನ ಗುರುತೇ ಇಲ್ಲ. ಗಾಡಿಯಿಂದ ಇಳಿದು ಬಿಳಿ ಕೋಟು ಹಾಕಿಕೊಳ್ಳುವ ಮೊದಲೇ ಮುನಿಶಾಮಯ್ಯ ಅರ್ಜಿ ಮುಂದೆ ಹಿಡಿದ. ಡಾಕ್ಟರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

"'ಮಹಾಪ್ರಭುಗಳ ಸನ್ನಿಧಾನಕ್ಕೆ ಬಡವನಾದ ಶುಕೂರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಾಂಪೌಂಡರನು ಬುದ್ಧಿಪೂರ್ವಕವಾಗಿ ನನ್ನ ಮೇಲೆ ವಿಷಪ್ರಯೋಗ ಮಾಡಿ, ನನ್ನ ನೇತ್ರಗಳನ್ನು ಅಪಹರಿಸಿರುತ್ತಾನಾದ್ದರಿಂದ...'" ಡಾಕ್ಟರು ಓದುವುದನ್ನು ನಿಲ್ಲಿಸಿದರು. "ವಿಷಪ್ರಯೋಗವೇ?"

ಶುಕೂರನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. "ಸ್ವಾಮಿ, ನಾನು ಹಂಗಂದಿಲ್ಲ! ಕಣ್ಣು ಬತ್ತದಾ ಅಂತ..."

"ಹೆಬ್ಬೆಟ್ಟು ನಿನ್ನದು ತಾನೇ?"

"ಹೌದು ಸ್ವಾಮಿ, ಆದ್ರೆ..."

"ಸಿದ್ದಯ್ಯ, ಬಾ ಇಲ್ಲಿ."

ಸಿದ್ದಯ್ಯ ಬಂದ. ಬೆಳಗಿನಿಂದ ಅನ್ನ ನೀರು ಮುಟ್ಟಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಡಾಕ್ಟರು ಶುಕೂರನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಕಣ್ಣು ಅಗಲಿಸಿ ನೋಡಿದರು, ಉಗುರು ನೋಡಿದರು, ನಾಲಿಗೆ ನೋಡಿದರು.

"ಕಾಮಾಲೆ ಅಲ್ಲ," ಎಂದರು. ಹಿಂದಿನಿಂದ ಸರಸಮ್ಮ ಸಣ್ಣಗೆ ನಿಟ್ಟುಸಿರು ಬಿಟ್ಟಳು. "ಕೇಳಯ್ಯ. ಹೀಗೆ ಎಲ್ಲ ಹಳದಿಯಾಗಿ ಕಾಣೋದಕ್ಕೆ ನನಗೆ ತಿಳಿದ ಹಾಗೆ ಎರಡೇ ಕಾರಣ. ಹೊಟ್ಟೆಹುಳಕ್ಕೆ ಕೊಡೋ ಒಂದು ಪುಡಿ ಇದೆ, ಅದನ್ನು ತಿಂದರೆ ಹೀಗಾಗುತ್ತೆ. ಬಿಸ್ಮತ್ ಬದಲು ಅದನ್ನು ಕೊಟ್ಟಿದ್ದರೆ ಹೆದರಬೇಕಾದ್ದಿಲ್ಲ, ನಾಳೆ ಬೆಳಿಗ್ಗೆಗೆ ತಾನಾಗೇ ಸರಿಹೋಗುತ್ತೆ. ಆದರೆ ಇವನು ಸರಿಯಾದ ಪುಡಿಯನ್ನೇ ಕೊಟ್ಟಿದ್ದರೆ, ಆಗ ಕಣ್ಣಿನ ನರವೇ ಒಣಗುತ್ತಾ ಇದೆ ಅಂತ ಅರ್ಥ. ಅದಕ್ಕೆ ಔಷಧಿ ಇಲ್ಲ."

 ಬೆಳಗಿನಿಂದ ಸಿದ್ದಯ್ಯ ತಪ್ಪು ಮಾಡಿರಬಹುದೆಂದು ಹೆದರಿದ್ದ ಶುಕೂರ್ ಈಗ ಸಿದ್ದಯ್ಯ ತಪ್ಪು ಮಾಡಿರದಿದ್ದರೆ ಗತಿಯೇನೆಂದು ಹೆದರಿದ. ಕೈ ಮುಗಿದು, "ಸಿದ್ದಯ್ಯನೋರೆ, ತಪ್ಪು ಮಾಡಿದ್ರೆ ಮಾಡಿದ್ದೀನಿ ಅಂತ ಹೇಳ್ಬುಡಿ. ನಿಮ್ಗೆ ಪುಣ್ಯ ಬತ್ತದೆ," ಎಂದ.

"ಹೇಳು ಸಿದ್ದಯ್ಯ," ಎಂದರು ಡಾಕ್ಟರು. "ಪುಡಿ ತಪ್ಪಿಸಿ ಕೊಟ್ಟೆಯಾ? ಕೊಟ್ಟಿದ್ದರೆ ಇವತ್ತೇ ನಿನ್ನ ಲೆಕ್ಕ ತೀರಿಸಿ ಮನೆಗೆ ಕಳಿಸ್ತೀನಿ."

ಐದು ಮಕ್ಕಳ ತಂದೆ ಸಿದ್ದಯ್ಯ ಶುಕೂರನ ಕಡೆ ನೋಡಲಿಲ್ಲ. "ದೇವ್ರಾಣೆಗೂ ಬಿಸ್ಮತ್ತೇ ಕೊಟ್ಟಿದ್ದು ಬುದ್ಧಿ," ಎಂದ.

ಅಷ್ಟು ಹೊತ್ತಿಗೆ ಮುನಿಶಾಮಯ್ಯ ಶುಕೂರನ ಟೋಪಿಗೆ ಕೈ ಹಾಕಿ, "ಸಾಕ್ಷಿ ಇಲ್ಲೈತೆ ಸ್ವಾಮಿ!" ಎಂದು ಎರಡನೆಯ ಪೊಟ್ಟಣವನ್ನು ಎತ್ತಿ ಹಿಡಿದ. ಡಾಕ್ಟರು ಬಿಚ್ಚಿ ನೋಡಿದರು, ಬೆರಳಲ್ಲಿ ಉಜ್ಜಿ ನೋಡಿದರು. ಬಿಳಿ ಪುಡಿ. ಬಿಸ್ಮತ್ತೂ ಬಿಳಿ, ಹುಳದ ಪುಡಿಯೂ ಬಿಳಿ. ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರೆ ಉತ್ತರ ಬರಲು ಎರಡು ತಿಂಗಳು ಬೇಕು.

"ಎರಡು ತಿಂಗಳು ಯಾಕೆ? ಅರ್ಧ ಗಂಟೆ ಸಾಕು," ಎಂದರು ಡಾಕ್ಟರು. "ಸಿದ್ದಯ್ಯ, ಇದು ಬಿಸ್ಮತ್ ಅಂತ ಹೇಳ್ತೀಯಲ್ಲ, ತಿನ್ನು."

 ಸಿದ್ದಯ್ಯ ಪೊಟ್ಟಣ ತೆಗೆದುಕೊಂಡ. ಕಣ್ಣು ಮುಚ್ಚಿದ. ಮನೆದೇವರ ಹೆಸರು ಹೇಳಿದ್ದು ಹತ್ತಿರದವರಿಗೆ ಕೇಳಿಸಿತು. ಪುಡಿಯನ್ನು ಬಾಯಿಗೆ ಸುರಿದುಕೊಂಡು ಮೇಲೆ ಒಂದು ಚೊಂಬು ನೀರು ಕುಡಿದು ಬೆಂಚಿನ ಮೇಲೆ ಕೂತ.

ಆ ಅರ್ಧ ಗಂಟೆ ಎಷ್ಟು ಉದ್ದವಿತ್ತೆಂದರೆ, ಹೋದವರು ಮನೆಗೆ ಹೋಗಿ ಕೋಳಿಗಳನ್ನು ಗೂಡಿಗೆ ಸೇರಿಸಿ ಬಂದರು. ಶುಕೂರ್ ಮಾತ್ರ ಸಿದ್ದಯ್ಯನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅವನ ಕಣ್ಣುಗಳನ್ನೇ ದಿಟ್ಟಿಸುತ್ತಿದ್ದ. ಇಪ್ಪತ್ತು ನಿಮಿಷವಾದಾಗ ಸಿದ್ದಯ್ಯ ಒಮ್ಮೆ ಗೋಡೆ ನೋಡಿ, ಬೆಚ್ಚಿ, ಥಟ್ಟನೆ ತಲೆ ತಗ್ಗಿಸಿದ. ಶುಕೂರನಿಗೆ ಆಸೆ ಹುಟ್ಟಿತು. ಒಬ್ಬ ಮನುಷ್ಯನ ಕಣ್ಣು ಕೆಡಲೆಂದು ಹೀಗೆ ದೇವರನ್ನು ಬೇಡುವುದು ಪಾಪವೆಂದು ಅವನಿಗೂ ತಿಳಿದಿತ್ತು. ಆದರೂ ಬೇಡಿಕೊಂಡ.

ಡಾಕ್ಟರು ಗಡಿಯಾರ ನೋಡಿ ಎದ್ದು ಬಂದರು. ಕೋಟಿನ ತೋಳು ಮುಂದೆ ಹಿಡಿದು, "ಇದು ಯಾವ ಬಣ್ಣ?" ಎಂದರು.

ಡಾಕ್ಟರ ಕೋಟು ಯಾವ ಬಣ್ಣವೆಂದು ಊರಿನ ಎಮ್ಮೆಗೂ ಗೊತ್ತು. "ಬಿಳಿ ಬುದ್ಧಿ," ಎಂದ ಸಿದ್ದಯ್ಯ.

"ಈ ಗೋಡೆ?"

"ಬಿಳಿ. ಮೊನ್ನೆ ನಾನೇ ಸುಣ್ಣ ಹೊಡೆಸಿದ್ದು."

"ಈ ಕಾಗದ?"

"ಬಿಳಿ."

ಶುಕೂರ್ ಎದ್ದು ನಿಂತ. "ಸ್ವಾಮಿ, ಇದೆಲ್ಲಾ ಬಾಯಿಪಾಠ! ಕಣ್ಣು ಮುಚ್ಕೊಂಡೂ ಹೇಳ್ಬೋದು. ಅವ್ರು ನೋಡ್ದೇ ಇರೋದೊಂದು ನಾನು ತೋರಿಸ್ತೀನಿ," ಎಂದ. ಅಷ್ಟು ಜೋರಾಗಿ ಅವನು ಮಾತಾಡಿದ್ದು ಆ ಬೀದಿಯವರು ಯಾರೂ ಕೇಳಿರಲಿಲ್ಲ. ಬಲಗಡೆ ಜೇಬಿಗೆ ಕೈ ಹಾಕಿ ಅಲ್ಲಿದ್ದ ಗಿಲಕಿಯನ್ನು ತೆಗೆದು ಸಿದ್ದಯ್ಯನ ಮೂಗಿನ ಮುಂದೆ ಹಿಡಿದ. "ಇದ್ಯಾವ ಬಣ್ಣ? ಹೇಳಿ!"

ಸಿದ್ದಯ್ಯ ಗಿಲಕಿಯನ್ನು ನೋಡಿದ.  ಶುಕೂರನ ಮುಖ ನೋಡಿದ, ಜನರ ಮುಖ ನೋಡಿದ, ಯಾರ ಮುಖದಲ್ಲೂ ಉತ್ತರ ಇರಲಿಲ್ಲ. ಇನ್ನು ದಾರಿಯಿಲ್ಲವೆಂದು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟ.

"ಹಳದಿ."

"ಸಿಕ್ಕಾಕ್ಕೊಂಡ್ರು! ಸಿಕ್ಕಾಕ್ಕೊಂಡ್ರು!" ಎಂದು ಶುಕೂರ್ ಕುಣಿದೇಬಿಟ್ಟ. "ಇದು ಬಿಳಿ ಸ್ವಾಮಿ, ಹಾಲಿನಂಥ ಬಿಳಿ! ನಾನೇ ಮಾಡಿದ್ದು! ನನ್ ಕಣ್ಣು ಹೋಗಿಲ್ಲ!"

ಗಿಲಕಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ ಜನರ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಮುಂದಿನ ಸಾಲಿಗೆ ಬಂತು. ಸ್ವಲ್ಪ ಹೊತ್ತಿಗೆ ದವಾಖಾನೆಯ ಹೆಂಚು ಹಾರುವಷ್ಟು ನಗು. ಮುನಿಶಾಮಯ್ಯ ಅವನ ಕಿವಿಯ ಹತ್ತಿರ ಬಾಗಿ, "ಲೋ, ಅದು ಹಳದಿನೇ ಕಣ್ಲಾ. ಮಾಗಿದ ನಿಂಬೆಹಣ್ಣಿನಂಗೈತೆ. ಬಿಳೀದನ್ನ ನಾನು ಎಡಗಡೆ ಜೇಬಿಗೆ ಹಾಕ್ದೆ ಅಂತ ಕಾಣ್ತದೆ," ಎಂದ.

ಶುಕೂರ್ ಕೈಯಲ್ಲಿದ್ದ ಗಿಲಕಿಯನ್ನು ನೋಡಿದ. ಎಡಗಡೆಯದನ್ನೂ ತೆಗೆದು ನೋಡಿದ. ಎರಡೂ ಒಂದೇ ಬಣ್ಣ. ಅಲ್ಲೇ ಕುಸಿದು ಕೂತ. ಜನ ನಗುತ್ತಿದ್ದದ್ದು ಅವನಿಗೆ ಕೇಳಿಸಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಅದಕ್ಕೆ ಔಷಧಿ ಇಲ್ಲ, ಇಷ್ಟೇ ಕೇಳಿಸುತ್ತಿತ್ತು.

"ಕಾಂಪೌಂಡರ್ ನಿರ್ದೋಷಿ," ಎಂದು ಡಾಕ್ಟರು ಘೋಷಿಸಿದರು. ಒಂದು ಕಾಗದ ತರಿಸಿ, ತಾನು ಕೊಟ್ಟ ದೂರು ಸುಳ್ಳೆಂದೂ, ಈ ದವಾಖಾನೆಯ ಔಷಧಿಯ ವಿಚಾರವಾಗಿ ಇನ್ನು ಮೇಲೆ ಬಾಯಿ ಬಿಟ್ಟರೆ ಪೊಲೀಸಿನವರ ವಶಕ್ಕೆ ಹೋಗಲು ಒಪ್ಪಿರುವೆನೆಂದೂ ಶುಕೂರನಿಂದ ಮುಚ್ಚಳಿಕೆ ಬರೆಸಿಕೊಂಡರು. ಬರೆದವನು 'ಉಪಕಾರ' ಮಾಡಲು ಮುಂದೆ ಬಂದ ಮುನಿಶಾಮಯ್ಯನೇ. ಶುಕೂರ್ ಎರಡನೆಯ ಸಲ ಹೆಬ್ಬೆಟ್ಟು ಒತ್ತಿದ.

"ಇನ್ನೊಂದು," ಎಂದರು ಡಾಕ್ಟರು. "ನಮ್ಮ ಪುಡಿ ವಿಷ ಅಂತ ನೀನು ಊರಿಗೆಲ್ಲ ಸಾರಿದ್ದೀ. ನಿನ್ನ ಎರಡನೇ ಪೊಟ್ಟಣ ಸಿದ್ದಯ್ಯ ತಿಂದಾಯ್ತು. ಅದರ ಬದಲು ಹೊಸದೊಂದು ಕಟ್ಟಿಸಿಕೊಂಡು ಬಂದು, ಇಷ್ಟು ಜನದ ಮುಂದೆ ನುಂಗಬೇಕು. ಆಗಲೇ ಜನಕ್ಕೆ ನಂಬಿಕೆ ಬರೋದು. ಒಳಗೆ ಹೋಗಿ ಎದುರಿಗೇ ನಿಂತು ಕಟ್ಟಿಸಿಕೊ. ಪುಡಿ ಬದಲಾಯಿಸಿದ ಅಂತ ನಾಳೆ ಇನ್ನೊಂದು ಅರ್ಜಿ ಬೇಡ."

ಶುಕೂರ್ ಸತ್ತವನ ಹಾಗೆ ಎದ್ದು ಸಿದ್ದಯ್ಯನ ಹಿಂದೆ ಔಷಧಿ ಕೋಣೆಗೆ ಹೋದ. ಸಿದ್ದಯ್ಯ ಬಾಗಿಲು ಮುಂದೆ ಮಾಡಿದವನೇ ಅವನ ಎರಡೂ ಕೈ ಹಿಡಿದುಕೊಂಡ.

"ಸಾಬ್ರೇ, ಕ್ಷಮಿಸ್ಬುಡಿ," ಎಂದು ಪಿಸುಗುಟ್ಟಿದ. "ನಿಮ್ ಕಣ್ಗೇನೂ ಆಗಿಲ್ಲ. ನಂಗೂ ಆಗ್ಲಿಂದ ಎಲ್ಲಾ ಅರಿಶ್ಣ ಬಳ್ದಂಗೈತೆ. ಆ ಕೋಟು ಹಳದಿ, ಆ ಗೋಡೆ ಹಳದಿ. ಹುಳದ ಪುಡೀನೇ ಕೊಟ್ಬುಟ್ಟಿದ್ದೆ. ಕೆಲ್ಸ ಹೋದ್ರೆ ಐದು ಮಕ್ಕಳನ್ನ ಎಲ್ಲಿಗೆ ಕರ್ಕೊಂಡೋಗ್ಲಿ ಹೇಳಿ?"

 ಶುಕೂರ್ ಸಿದ್ದಯ್ಯನನ್ನು ಬಾಚಿ ತಬ್ಬಿಕೊಂಡ. ಬೆಳಗಿನಿಂದ ತಡೆದಿದ್ದ ಅಳು ಕಟ್ಟೆಯೊಡೆಯಿತು. ಬಿಳಿ ಹಂಸಗಳು, ಮಗಳ ಎರಡು ಹಲ್ಲು, ರಹೀಮಾಳ ಸೆರಗು, ಎಲ್ಲವೂ ನಾಳೆ ಬೆಳಿಗ್ಗೆ ತಮ್ಮ ತಮ್ಮ ಬಣ್ಣಕ್ಕೆ ವಾಪಸು ಬರುತ್ತವೆ! ನೂರು ಜನ ನಕ್ಕರೂ ನಗಲಿ, ಮುಚ್ಚಳಿಕೆ ಹತ್ತು ಬರೆಸಿಕೊಂಡರೂ ಬರೆಸಿಕೊಳ್ಳಲಿ. ಅವನಿಗೆ ಲೋಕದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ.

"ಆಯ್ತು ಬುಡಿ, ನಾನ್ಯಾರ್ಗೂ ಹೇಳಾಕಿಲ್ಲ," ಎಂದು ಕಣ್ಣೊರೆಸಿಕೊಂಡ. "ಬೇಗ ಆ ಬಿಸ್ಮತ್ ಕೊಡಿ. ಎಲ್ರ ಮುಂದೆ ನುಂಗ್ಬುಟ್ಟು ಮನೆಗೋಯ್ತೀನಿ. ಜಬ್ಬಾರ್ ಭಾಯಿ ಕಾಯ್ತಾವ್ರೆ."

ಸಿದ್ದಯ್ಯ ಕದಲಲಿಲ್ಲ.

"ಏನು?"

"ಅದೇ ಹೇಳೋಣಾಂತ," ಎಂದ ಸಿದ್ದಯ್ಯ. "ಸುಣ್ಣ ಹೊಡೆಯೋವಾಗ ಜಾಡಿ ಮೇಲಿನ ಹೆಸರೆಲ್ಲ ನೆನೆದು ಕಿತ್ತೋಗಿದ್ವು. ಅದ್ರಿಂದ್ಲೇ ಮೊದಲು ತಪ್ಪಾಗಿದ್ದು. ಬೆಳಿಗ್ಗೆ ನೀವು ಬಂದೋದ್ ಮ್ಯಾಲೆ ಹೆದರ್ಕೊಂಡು, ಪುಸ್ತಕ ನೋಡಿ, ಒಂದೊಂದನ್ನೂ ತೂಗಿ, ಯಾವುದು ಯಾವುದು ಅಂತ ಗೊತ್ತು ಮಾಡ್ಕೊಂಡು ಬಣ್ಣದ ಕಾಗದ ಅಂಟಿಸ್ದೆ. ಇನ್ಮೇಲೆ ತಪ್ಪೇ ಆಗ್ಬಾರ್ದು ಅಂತ. ಅಂಟು ಒಣಗಿದ್ ಮ್ಯಾಲೆ ಹೆಸರು ಬರೆಯೋಣಾಂತಿದ್ದೆ, ಅಷ್ಟ್ರಲ್ಲಿ ನೀವು ಅರ್ಜಿ ತಂದ್ಬುಟ್ರಿ."

ಅವನು ಬೆರಳು ತೋರಿದ ಕಡೆ ಹಲಗೆಯ ಮೇಲೆ ಮೂರು ಜಾಡಿಗಳಿದ್ದವು. ಮೂರರಲ್ಲೂ ಒಂದೇ ಥರದ ಪುಡಿ.

"ಬಿಳೀ ಕಾಗದದ್ದು ಬಿಸ್ಮತ್ತು," ಎಂದ ಸಿದ್ದಯ್ಯ. "ಹಳದಿ ಕಾಗದದ್ದು ಹುಳದ ಪುಡಿ. ಕೆನೆ ಬಣ್ಣದ ಕಾಗದದ್ದು ಪ್ಲೇಗಿನ ಇಲಿಗೆ ಇಡೋ ಪಾಷಾಣ."

ಶುಕೂರ್ ಅವನ ಕೈ ಬಿಟ್ಟ.

"ಬಣ್ಣದ ವಿಷ್ಯದಲ್ಲಿ ಈ ಊರಲ್ಲಿ ನಿಮ್ಮಷ್ಟು ತಿಳಿದೋರು ಯಾರವ್ರೆ? ಹೊರಗಿನೋರ್ನ ಕೇಳಿದ್ರೆ ನಾನು ಸಿಕ್ಕಾಕ್ಕೊಳ್ತೀನಿ. ಒಸಿ ನೋಡಿ ಹೇಳಿ ಸಾಬ್ರೇ, ಬಿಳೀದು ಯಾವುದು?"

ಶುಕೂರ್ ಜಾಡಿಗಳ ಹತ್ತಿರ ಹೋದ. ಬಾಗಿ ನೋಡಿದ, ದೂರ ನಿಂತು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಮೂರು ಜಾಡಿ, ಮೂರು ಕಾಗದ, ಮೂರೂ ಹಳದಿ.

"ಏನಯ್ಯ, ಇನ್ನೂ ಆಗಲಿಲ್ವೆ?" ಎಂದು ಹೊರಗಿನಿಂದ ಡಾಕ್ಟರು ಕೂಗಿದರು.

"ತೂಗಿ ನೋಡಿ, ಮತ್ತೆ ತೂಗಿ!" ಎಂದು ಶುಕೂರ್ ಪಿಸುಗುಟ್ಟಿದ.

"ಎರಡು ಗಂಟೆ ಬೇಕು ಅದಕ್ಕೆ!"

ಬೂಟಿನ ಸದ್ದು ಹತ್ತಿರ ಬಂತು. ಸಿದ್ದಯ್ಯನ ಕೈ ಎಡಗಡೆ ಜಾಡಿಗೆ ಹೋಯಿತು, ಬಲಗಡೆಗೆ ಬಂತು, ನಡುವಿನದರ ಮೇಲೆ ನಿಂತಿತು. ಬಾಗಿಲು ತಳ್ಳಿದ ಸದ್ದಾಗುತ್ತಲೇ ಅವನು ಕಣ್ಣು ಮುಚ್ಚಿ ಚಮಚ ಅದ್ದಿ ಪೊಟ್ಟಣ ಕಟ್ಟಿಬಿಟ್ಟ. ಡಾಕ್ಟರು ಒಳಗೆ ಬಂದು ಅದನ್ನು ಕಿತ್ತುಕೊಂಡು ಬಿಚ್ಚಿದರು. ಅವರ ಹಿಂದೆ ನೀರಿನ ಲೋಟ ಹಿಡಿದ ಮುನಿಶಾಮಯ್ಯ, ಅವನ ಹಿಂದೆ ಇಡೀ ಬೀದಿ.

"ಸ್ವಾಮಿ, ಅದು..." ಎಂದ ಶುಕೂರ್.

"ಮುಚ್ಚಳಿಕೆ ಬರೆದುಕೊಟ್ಟಿದ್ದೀಯ, ಜ್ಞಾಪಕ ಇರಲಿ," ಎಂದರು ಡಾಕ್ಟರು.

ಶುಕೂರ್ ಸಿದ್ದಯ್ಯನ ಕಡೆ ನೋಡಿದ. ಸಿದ್ದಯ್ಯ ಇನ್ನೂ ಕಣ್ಣು ತೆರೆದಿರಲಿಲ್ಲ. ಪೊಲೀಸಿನವರು ಹಿಡಿದರೂ ಹಿಡಿಯಲಿ, ಇದ್ದದ್ದನ್ನು ಹೇಳಿಯೇಬಿಡುವುದೆಂದು ಶುಕೂರ್ ದೊಡ್ಡದಾಗಿ ಬಾಯಿ ತೆರೆದ. ಬಿಚ್ಚಿದ ಪೊಟ್ಟಣ ಹಿಡಿದು ಡಾಕ್ಟರು ಅದಕ್ಕೇ ಕಾಯುತ್ತಿದ್ದರು.